ಕೊಲ್ಲು, ಬಿಡು, ಸಾಕು

ನನ್ನ ಭಾವ ಲಿಫ್ಟ್ ರಿಪೇರಿ ಮಾಡುವವರು. ಮೂವತ್ತು ವರ್ಷದಿಂದ ಅದೇ ಕೆಲಸ. ಆದರೆ ಯಾರಾದರೂ ಹೊಸಬರು "ಏನ್ ಮಾಡ್ಕೊಂಡಿದೀರ?" ಎಂದು ಕೇಳಿದರೆ ಗಂಭೀರವಾಗಿ, "ಜನರನ್ನ ಹೆದರಿಸ್ತೀನಿ, ಬಿಡುವಿದ್ದಾಗ ಲಿಫ್ಟ್ ನೋಡ್ಕೋತೀನಿ" ಎನ್ನುತ್ತಾರೆ. ಇದನ್ನು ಅವರು ತಮಾಷೆ ಎಂದುಕೊಂಡಿದ್ದಾರೆ. ನಮ್ಮಕ್ಕ ಮದುವೆಯಾದಂದಿನಿಂದ ಒಮ್ಮೆಯೂ ಇದಕ್ಕೆ ನಕ್ಕಿಲ್ಲ, ಅವರೂ ಹೇಳುವುದು ಬಿಟ್ಟಿಲ್ಲ.

ಹೆದರಿಸುವುದು ಭಾನುವಾರ ಮಧ್ಯಾಹ್ನ, ಮೂರರಿಂದ ಆರರವರೆಗೆ, ಅಕ್ಕನ ಮನೆಯ ಊಟದ ಮೇಜಿನಲ್ಲಿ. ಅದೊಂದು ಆಟ. ಮೇಜಿನ ತಲೆಯಲ್ಲಿ ಕೂತು ಭಾವ ಒಂದು ಭಯದ ಕಥೆ ಶುರು ಮಾಡುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತೇವೆ. "ಬಾಗಿಲು ಅರ್ಧ ತೆರೆದಿದೆ. ಒಳಗೆ ಯಾರೋ ನಿಮ್ಮ ದನಿಯಲ್ಲೇ ಕೆಮ್ಮಿದ್ರು. ಏನ್ಮಾಡ್ತೀರಿ?" ಎಂದು ಕೇಳುತ್ತಾರೆ. ನಾವು ಹೇಳಿದ ಕಡೆಗೆ ಕಥೆ ತಿರುಗುತ್ತದೆ. ಮಾಡಿದ ಕೆಲಸ ಕೈಗೂಡಿತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಹತ್ತು ಮುಖದ ದಾಳ ಉರುಳಿಸಬೇಕು. ಯಾರೋ ಖಾಲಿ ಮಾಡಿದ ಫ್ಲಾಟಿನ ಮುಂದಿನ ಕಸದ ರಾಶಿಯಲ್ಲಿ ಭಾವನಿಗೆ ಈ ಆಟದ ಡಬ್ಬಿ ಸಿಕ್ಕಿತ್ತು. ಒಳಗಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಒಂದು ವರ್ಷ ಓದಿದರು. ಶಾಲೆಯಲ್ಲಿ ಹೀಗೆ ಓದಿದ್ದರೆ ಎಲ್ಲೋ ಇರುತ್ತಿದ್ದರು ಎಂದು ಅಕ್ಕ ಈಗಲೂ ಹಲುಬುತ್ತಾಳೆ.

ಆಡುವವರು ನಾನು ಮತ್ತು ಮೇಲಿನ ಮನೆಯ ಔಷಧಿ ಅಂಗಡಿಯವರು. ನಾನು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ವಾರವಿಡೀ ಹೆದರಿದ ಮುಖಗಳನ್ನು ನೋಡಿ ನೋಡಿ, ಭಾನುವಾರವಾದರೂ ನಾನೇ ಹೆದರೋಣ ಎಂದು ಹೋಗುತ್ತೇನೆ. ಔಷಧಿ ಅಂಗಡಿಯವರು ಬರುವುದು ಅಕ್ಕನ ಟೀಗಾಗಿ ಎಂದು ನನ್ನ ಗುಮಾನಿ. ಅಕ್ಕ ಆಡುವುದಿಲ್ಲ. "ಇವೆಲ್ಲ ನನಗಾಗಲ್ಲಪ್ಪ" ಎಂದು ಅಡುಗೆಮನೆಗೆ ಹೋಗಿ, ಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಂಡು, ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಾಳೆ. ಕಥೆ ಬಿಗಿಯಾದಾಗ ಒಳಗೆ ಪಾತ್ರೆ ತೊಳೆಯುವ ಸದ್ದು ನಿಲ್ಲುತ್ತದೆ.

ಭಾವನ ಹತ್ತಿರ ಒಂದು ನೋಟ್‌ಬುಕ್ಕಿದೆ. ಅದರಲ್ಲಿ ಭಯವನ್ನು ಬಗೆ ಬಗೆಯಾಗಿ ವಿಂಗಡಿಸಿದ್ದಾರೆ. ಮನೆಯ ಭಯದಲ್ಲಿ ಗೋಡೆಗೆ ಗೊತ್ತಿರುವುದು ಮನೆಯವರಿಗೆ ಗೊತ್ತಿರುವುದಿಲ್ಲ. ಮೈಯ ಭಯವೆಂದರೆ, ಬೆಳಗ್ಗೆ ಎದ್ದು ನೋಡಿದರೆ ಕೈ ನಿಮ್ಮದಲ್ಲ. ಊರಿನ ಭಯದಲ್ಲಿ ಎಲ್ಲರೂ ನಗುನಗುತ್ತಾ ಬರಮಾಡಿಕೊಳ್ಳುತ್ತಾರೆ, ಯಾಕೆಂದು ಮಾತ್ರ ಹೇಳುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಆಕಾಶದ ಭಯವಂತೆ: ಅಲ್ಲಿ ಏನೋ ಬಹಳ ದೊಡ್ಡದಿದೆ, ಅದಕ್ಕೆ ನಿಮ್ಮ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ, ನೀವಿದ್ದೀರಿ ಎನ್ನುವುದೇ ಅದರ ಗಮನಕ್ಕೆ ಬಂದಿಲ್ಲ. ಮಚ್ಚು ಹಿಡಿದು ಅಟ್ಟಿಸಿಕೊಂಡು ಬರುವವನ ಕಥೆಗಳು ಭಾವನಿಗೆ ಆಗಿಬರುವುದಿಲ್ಲ. ಅದು ಓಟದ ಪಂದ್ಯ, ಭಯವಲ್ಲ ಎನ್ನುತ್ತಾರೆ.

ಇದನ್ನೆಲ್ಲ ಅವರು ಕಲಿತದ್ದು ಪುಸ್ತಕದಿಂದಷ್ಟೇ ಅಲ್ಲ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಹೊರಗೆ ನಿಂತು ಎಷ್ಟು ಜನರ ಜೊತೆ ಮಾತಾಡಿದ್ದಾರೋ ಲೆಕ್ಕವಿಲ್ಲ. "ಈಗ ನಾನು ಮೇಲಕ್ಕೆ ಹೋಗ್ತೀನಿ. ಒಂದು ಸದ್ದು ಬರುತ್ತೆ. ಅದು ನಾನೇ" ಎಂದು ಮೊದಲೇ ಹೇಳಿ ಆಮೇಲೆ ಕೈ ಹಾಕುತ್ತಾರೆ. ಒಳಗಿರುವವರನ್ನು ಹೆದರಿಸುವುದು ಕತ್ತಲಲ್ಲ, ಹೊರಗಿನವರು ಸುಮ್ಮನಿರುವುದು ಎಂಬುದು ಅವರ ಮಾತು. ಅದಕ್ಕೇ ಆಟದ ಮೇಜಿಗೂ ಒಂದು ನಿಯಮ ಮಾಡಿದ್ದರು. ಯಾರಾದರೂ "ಸಾಕು" ಎಂದರೆ ಕಥೆ ಅಲ್ಲೇ ನಿಲ್ಲಬೇಕು. ಯಾಕೆ, ಏನು ಎಂದು ಯಾರೂ ಕೇಳಕೂಡದು. ಹಲ್ಲುಗಳ ಕಥೆಯೊಂದರಲ್ಲಿ ನಾನೇ ಹೇಳಿದ್ದೆ, ಕೆಲಸದ ನೆನಪಾಗಿ ಬೇಜಾರು ಬಂದಿತ್ತು. ಭಾವ ಬಾಯಿಗೆ ಬಂದ ವಾಕ್ಯವನ್ನು ಅರ್ಧಕ್ಕೆ ನುಂಗಿ ಟೀ ತರಿಸಿದರು.

ಇನ್ನು ಪಿಟ್ಟಿಯ ವಿಷಯ ಹೇಳಬೇಕು. ಪಿಟ್ಟಿ ಎಂದರೆ ಪಿಟೀಲು. ಆರು ವರ್ಷದವಳಾಗಿದ್ದಾಗ ಈ ಮನೆಗೆ ಬಂದು ಮೂರು ದಿನ ಒಂದೇ ಶ್ರುತಿಯಲ್ಲಿ ಅತ್ತದ್ದಕ್ಕೆ ಭಾವ ಇಟ್ಟ ಹೆಸರು. ನಾಲ್ಕನೆಯ ದಿನ ಅಳು ನಿಲ್ಲಿಸಿದವಳು ಆಮೇಲೆ ಬಾಯಿ ಬಿಟ್ಟದ್ದೇ ಕಡಿಮೆ. ಅವಳಪ್ಪ ಭಾವನ ಜೊತೆ ಕೆಲಸ ಮಾಡುತ್ತಿದ್ದವನು, ಭಾವನಿಗಿಂತ ಚಿಕ್ಕವನು. ಗಂಡ ಹೆಂಡತಿ ಇಬ್ಬರೂ ಒಂದೇ ಬಸ್ ಅಪಘಾತದಲ್ಲಿ ಹೋದರು. ಅಕ್ಕ ಭಾವನಿಗೆ ಮಕ್ಕಳಿರಲಿಲ್ಲ, ಮಗುವನ್ನು ಮನೆಗೆ ಕರೆತಂದರು. ನೆಂಟರು "ಸಾಕುಮಗಳು" ಎಂದಾಗಲೆಲ್ಲ ಭಾವ "ನಮ್ಮ ಹುಡುಗಿ" ಎಂದು ತಿದ್ದುತ್ತಿದ್ದರು. ತಿದ್ದಿ ತಿದ್ದಿ ನೆಂಟರೇ ಕಡಿಮೆಯಾದರು.

ಈಗ ಅವಳಿಗೆ ಹದಿನೇಳು. ಈ ವರ್ಷ ಅವಳ ಸೋದರಮಾವ, ಅಷ್ಟು ದಿನ ಸುದ್ದಿಯಿಲ್ಲದವನು, ಒಂದು ಕಾಗದ ಬರೆದ. ತಮ್ಮೂರಿನಲ್ಲಿ ಒಳ್ಳೆಯ ಕಾಲೇಜಿದೆ, ಮನೆಯಲ್ಲಿ ಕೋಣೆಯಿದೆ, ತೀರಿಹೋದ ತನ್ನಕ್ಕನ ಮಗಳು ತನ್ನ ಜೊತೆ ಬಂದಿರಲಿ, ತಿಂಗಳ ಕೊನೆಯೊಳಗೆ ತಿಳಿಸಿ ಎಂದು. ಪಿಟ್ಟಿ ಕಾಗದ ಹಿಡಿದುಕೊಂಡು ಭಾವನ ಮುಂದೆ ಬಂದು ನಿಂತಳು.

"ದೊಡ್ಡಪ್ಪ, ಏನ್ಮಾಡ್ಲಿ?"

"ನಿನ್ನಿಷ್ಟ ಕಣಮ್ಮ" ಎಂದರು ಭಾವ.

ನಾನು ಅಲ್ಲೇ ಇದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಹೋದ ಮೇಲೆ, "ಹೋಗ್ಬೇಡ ಅನ್ನೋಕೆ ಏನು ಧಾಡಿ ನಿಮಗೆ?" ಎಂದು ಕೇಳಿಯೇಬಿಟ್ಟೆ. "ಅಂದ್ರೆ ಉಳ್ಕೋತಾಳೆ. ಋಣಕ್ಕೆ ಬಿದ್ದು ಉಳ್ಕೋತಾಳೆ. ಹಾಗೆ ಉಳಿಸ್ಕೊಳ್ಳೋದು ಬೇಡ" ಎಂದರು. ಹೇಳಿದ್ದೇನೋ ದೊಡ್ಡ ಮನುಷ್ಯನ ಹಾಗೆ, ಆದರೆ ಆ ದಿನದಿಂದ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸರಿಯಿದ್ದ ಸ್ವಿಚ್‌ಬೋರ್ಡುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದರು. ಒಂದು ಸಂಜೆ ಪಿಟ್ಟಿ ಚಪ್ಪಲಿ ಹಾಕಿಕೊಂಡ ಸದ್ದಿಗೇ ಎದ್ದು ಬಾಗಿಲಿಗೆ ಹೋದರು. ಅವಳು ಕಸ ಹಾಕಲು ಹೊರಟಿದ್ದಳು.

ಹೀಗಿರುವಾಗ ಪಿಟ್ಟಿ ಒಂದು ದಿನ ತಾನಾಗಿಯೇ, "ಈ ಭಾನುವಾರ ನಾನೂ ಆಟಕ್ಕೆ ಕೂತ್ಕೋತೀನಿ" ಎಂದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೂತವಳಲ್ಲ. ಭಾವ ಹಿಗ್ಗಿ ಹೀರೇಕಾಯಿಯಾದರು. ಹೊಸ ಕಥೆ ಬರೆದರು, ಊಟದ ನಡುವೆ ಎದ್ದುಹೋಗಿ ಏನೋ ಗೀಚಿಕೊಂಡು ಬಂದರು. ಅವಳಿಗೆ ನಿಯಮಗಳನ್ನು ಎರಡೆರಡು ಸಲ ವಿವರಿಸಿದರು.

ಭಾನುವಾರ ಬಂತು. ಕಥೆ ಹೀಗೆ: ನಾವು ಮೂವರೂ ಒಂದು ಹಳೆಯ ಮನೆ ಕೊಂಡ ಕುಟುಂಬ. ಮೇಲಿನ ಖಾಲಿ ನೀರಿನ ಟ್ಯಾಂಕಿನೊಳಗೆ ಒಂದು ಮಗು ಸಿಗುತ್ತದೆ. ಅಳುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ಎತ್ತಿಕೊಂಡರೆ ಮೈ ತಣ್ಣಗೆ. ಭಾವ ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವರದೇ ದುಂಡನೆಯ ಅಕ್ಷರದಲ್ಲಿ ಒಂದರ ಮೇಲೆ "ಕೊಲ್ಲು", ಇನ್ನೊಂದರ ಮೇಲೆ "ಬಿಡು", ಮೂರನೆಯದರ ಮೇಲೆ "ಸಾಕು" ಎಂದಿತ್ತು. "ಒಬ್ಬೊಬ್ಬರೇ ಬಾಯ್ಬಿಟ್ಟು ಹೇಳಿ" ಎಂದರು.

"ಕೊಲ್ಲು" ಎಂದೆ ನಾನು. ನಾನು ಯಾವಾಗಲೂ ಹಾಗೇ.

"ಬಿಡು. ಮುಚ್ಚಳ ಹಾಕ್ಬಿಟ್ಟು ಕೆಳಗೆ ಹೋಗೋಣ" ಎಂದರು ಔಷಧಿ ಅಂಗಡಿಯವರು.

ಪಿಟ್ಟಿ ಚೀಟಿಗಳ ಕಡೆ ನೋಡಲಿಲ್ಲ. ತನ್ನ ಕೈ ನೋಡಿಕೊಂಡು, ಮೆಲ್ಲಗೆ, "ಸಾಕು" ಎಂದಳು.

ಭಾವನ ಮುಖ ನೀವು ನೋಡಬೇಕಿತ್ತು. ಅವರಿಗೆ ಬೇಕಾಗಿದ್ದ ಒಂದೇ ಒಂದು ಮಾತು ಕೇಳಿಸಿದಂತಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೆಯೇ ಕೇಳಿಸಿಕೊಂಡೆ. ಆಮೇಲೆ ಅವರು ಹೇಳಿದ್ದು ಅವರ ಜೀವಮಾನದ ಕಥೆ. ಸಾಕಿದ ಮಗು ಬೆಳೆಯಿತು. ಅದು ಬೆಳೆದಷ್ಟೂ ಮನೆಯವರು ಸವೆದರು. ತಾಯಿಯ ಕೂದಲು ಉದುರಿ ಮಗುವಿನ ತಲೆಯಲ್ಲಿ ಹುಟ್ಟಿತು. ತಂದೆಯ ದನಿ ಮಗುವಿನ ಬಾಯಲ್ಲಿ ಬಂತು, ತಂದೆ ಮೂಕನಾದ. ಅಕ್ಕಪಕ್ಕದವರು "ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ, ನಿಮ್ಮದೇ ಅಚ್ಚು" ಎಂದು ಹೊಗಳಿದರು. ಕೊನೆಗೆ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತಿದ್ದರು, ನಾಲ್ಕೂ ಅದೇ ಆಗಿತ್ತು. ಮನೆಯ ಭಯದಿಂದ ಮೈಯ ಭಯಕ್ಕೆ ಎಷ್ಟು ನಯವಾಗಿ ದಾಟಿಸಿದರೆಂದರೆ ನನ್ನ ತೋಳಿನ ಕೂದಲು ನೆಟ್ಟಗಾಯಿತು.

ಪಿಟ್ಟಿ ಎದ್ದಳು. ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ, ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

"ಚೆನ್ನಾಗಿ ಹೆದರಿದ್ಲು ಅಲ್ವಾ?" ಎಂದರು ಭಾವ.

ಅಕ್ಕ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಇನ್ನೂ ಸೋಪಿನ ನೊರೆ ಇತ್ತು. "ಅವಳು ಸಾಕು ಅಂದ್ಲಲ್ರೀ. ಯಾಕ್ರೀ ನಿಲ್ಲಿಸ್ಲಿಲ್ಲ?"

"ಸಾಕು ಅಂದ್ಲು. ಅದಕ್ಕೇ ಅಲ್ವಾ ಸಾಕಿದ್ದು?"

"ಅಯ್ಯೋ ದೇವ್ರೇ! ನಿಲ್ಸಿ ಅಂತ ಅಂದಿದ್ದು ಕಣ್ರೀ!"

ಅಕ್ಕ ಚೀಟಿ ನೋಡಿರಲಿಲ್ಲ. ಅವಳಿಗೆ ಕೇಳಿಸಿದ್ದು ಆ ಹುಡುಗಿಯ ದನಿ ಮಾತ್ರ. ಚೀಟಿ ಬರೆದವರು, ನಿಯಮ ಮಾಡಿದವರು, ಎರಡೂ ಒಬ್ಬರೇ ಆಗಿದ್ದ ನಮ್ಮ ಭಾವ, ಮೂರನೆಯ ಚೀಟಿಯನ್ನು ಕೈಗೆತ್ತಿಕೊಂಡು ಓದಿದರು, ಮತ್ತೆ ಓದಿದರು. ಆಮೇಲೆ ತಾವು ಯಾರಿಗೆ ಯಾವ ಕಥೆ ಹೇಳಿದೆವು ಎನ್ನುವುದು ಅವರ ತಲೆಗೆ ಹೋಯಿತು. ಔಷಧಿ ಅಂಗಡಿಯವರು ಟೀ ಅರ್ಧಕ್ಕೇ ಬಿಟ್ಟು ಮೇಲೆ ಹೋದರು.

ಚಿಲಕ ಹಾಕಿದ ಬಾಗಿಲಿನ ಹೊರಗೆ ನಿಂತು ಭಾವ, "ಪಿಟ್ಟಿ, ತಪ್ಪಾಯ್ತಮ್ಮ. ನಾನು ಬೇರೆ ಥರ ಕೇಳಿಸ್ಕೊಂಡೆ" ಎಂದರು. ಒಳಗಿನಿಂದ "ಪರವಾಗಿಲ್ಲ ದೊಡ್ಡಪ್ಪ" ಎಂದು ಬಂತು. ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಮರುದಿನ ಬೆಳಗ್ಗೆ ಅವಳು ಅಟ್ಟದಿಂದ ದೊಡ್ಡ ಬ್ಯಾಗು ಇಳಿಸಿದಳು, ಅಕ್ಕ ಗಂಡನ ಜೊತೆ ಮಾತು ಬಿಟ್ಟಳು.

ಆ ವಾರ ಭಾವ ಭಾವನಾಗಿರಲಿಲ್ಲ. ಗುರುವಾರ ಒಂದು ಆಫೀಸಿನ ಲಿಫ್ಟಿನಲ್ಲಿ ಇಬ್ಬರು ಹೆಂಗಸರು ಸಿಕ್ಕಿಕೊಂಡಿದ್ದರು. ಇವರು ಹೋಗಿ, ಕೆಲಸ ಶುರು ಮಾಡಿ, ಹತ್ತು ನಿಮಿಷ ಒಂದು ಮಾತೂ ಆಡದೆ ಲಿಫ್ಟ್ ಇಳಿಸುವ ಸರಳು ತಿರುಗಿಸುತ್ತಲೇ ಇದ್ದರಂತೆ. ಹೊರಗೆ ಯಾರೂ ಇಲ್ಲವೇನೋ ಎಂದು ಒಳಗಿನವರು ಕಿರುಚಿಕೊಂಡಾಗಲೇ ಎಚ್ಚರವಾದದ್ದು. ಇದನ್ನು ಸಂಜೆ ನನ್ನ ಕ್ಲಿನಿಕ್ಕಿಗೆ ಬಂದು, ರೋಗಿಗಳ ಬೆಂಚಿನ ಮೇಲೆ ಕೂತು, ಹಲ್ಲುನೋವಿನವರ ಹಾಗೆ ಕೆನ್ನೆಗೆ ಕೈ ಕೊಟ್ಟು ಹೇಳಿದರು. ನನಗೆ ಬೈಯಬೇಕೆನಿಸಿತ್ತು, ಅಯ್ಯೋ ಎನಿಸಿತು.

ಮುಂದಿನ ಭಾನುವಾರ ಆಟವಿಲ್ಲ ಎಂದಿದ್ದರು. ಆದರೂ ನಾನು ಹೋದೆ. ಔಷಧಿ ಅಂಗಡಿಯವರೂ ಅಭ್ಯಾಸಬಲದಿಂದ ಇಳಿದು ಬಂದರು. ನಾವು ಮೂವರೂ ಬೆಪ್ಪುತಕ್ಕಡಿಗಳ ಹಾಗೆ ಕೂತಿದ್ದಾಗ ಪಿಟ್ಟಿ ಕೋಣೆಯಿಂದ ಬಂದು ಮೇಜಿನ ತಲೆಯ ಹತ್ತಿರ ನಿಂತಳು.

"ದೊಡ್ಡಪ್ಪ, ನೀವು ಆ ಕಡೆ ಕೂತ್ಕೊಳ್ಳಿ. ಇವತ್ತು ನಾನು ಹೇಳ್ತೀನಿ."

ಭಾವ ಶಾಲೆಯ ಹುಡುಗನಂತೆ ಎದ್ದು ಜಾಗ ಬಿಟ್ಟರು.

"ಅದೇ ಮನೆ, ಅದೇ ಮಗು" ಎಂದು ಪಿಟ್ಟಿ ಶುರು ಮಾಡಿದಳು. "ನೀವು ತಪ್ಪು ಹೇಳಿದ್ರಿ. ಅದು ಯಾರನ್ನೂ ತಿನ್ನಲಿಲ್ಲ. ಅದಕ್ಕೆ ಎರಡನೇ ಸಲ ಬಡಿಸಿ ಅನ್ನೋಕೂ ಭಯ. ಮನೇಲಿ ಎಲ್ರೂ ಒಳ್ಳೆಯವರೇ, ಯಾರೂ ಬೈಯಲ್ಲ. ಏನು ಕೇಳಿದ್ರೂ ನಿನ್ನಿಷ್ಟ ಅಂತಾರೆ. ಇದ್ರೂ ನಿನ್ನಿಷ್ಟ, ಹೋದ್ರೂ ನಿನ್ನಿಷ್ಟ. ಇದು ಮನೆಯ ಭಯ ಅಲ್ಲ ದೊಡ್ಡಪ್ಪ. ನಿಮ್ಮ ನೋಟ್‌ಬುಕ್‌ನಲ್ಲಿ ಕೊನೇಲಿದೆಯಲ್ಲ, ಆಕಾಶದ ಭಯ, ಅದು."

ಭಾವ ಏನೋ ಹೇಳಲು ಬಾಯಿ ತೆರೆದರು. ಅವಳು ನಿಲ್ಲಿಸಲಿಲ್ಲ.

"ಹನ್ನೊಂದು ವರ್ಷ ಆಯ್ತು. ಮಗು ಬ್ಯಾಗು ತಗೊಂಡು ಬಾಗಿಲಲ್ಲಿ ನಿಂತಿದೆ. ಮನೆ ಯಜಮಾನರು ಎದುರಿಗಿದಾರೆ. ಅದು ನೀವು. ಏನ್ಮಾಡ್ತೀರಿ?"

ಭಾವನ ಕೈ ದಾಳದ ಕಡೆ ಹೋಯಿತು. ಪಿಟ್ಟಿ ಅದರ ಮೇಲೆ ಅಂಗೈ ಇಟ್ಟು ಮುಚ್ಚಿದಳು. "ಇದಕ್ಕೆ ದಾಳ ಇಲ್ಲ. ಬಾಯ್ಬಿಟ್ಟು ಹೇಳಿ."

"ನಿನ್ನ..." ಎಂದವರು ತಡೆದರು. ಅಡುಗೆಮನೆಯ ಬಾಗಿಲು ಪೂರ್ತಿ ತೆರೆದಿತ್ತು.

"ಹೋಗ್ಬೇಡ" ಎಂದರು ಭಾವ. "ಹೋಗ್ಬೇಡ ಕಣೇ. ನೀನಿಲ್ದೆ ನನಗಾಗಲ್ಲ." ಅಷ್ಟು ಹೇಳಿ, ನಮ್ಮೆಲ್ಲರ ಎದುರಿಗೆ, ಮುಖ ಮುಚ್ಚಿಕೊಳ್ಳದೆಯೇ ಅತ್ತರು. ಅಕ್ಕ ಬಂದು ಅವರ ಭುಜದ ಮೇಲೆ ಒದ್ದೆ ಕೈ ಇಟ್ಟಳು.

ಪಿಟ್ಟಿಯ ಕಣ್ಣೂ ತುಂಬಿತ್ತು. "ಶುಕ್ರವಾರನೇ ಉತ್ತರ ಹಾಕ್ಬಿಟ್ಟೆ ದೊಡ್ಡಪ್ಪ" ಎಂದಳು. "ಬರ್ತೀನಿ ಅಂತ."

"ಇನ್ನೊಂದು ಬರಿ. ಬರಲ್ಲ ಅಂತ. ಪೆನ್ನು ನಾನು ಕೊಡ್ತೀನಿ" ಎಂದಳು ಅಕ್ಕ. ಪಿಟ್ಟಿ ಅಳುತ್ತಲೇ ನಕ್ಕಳು, ಆದರೆ ಬರೆಯಲಿಲ್ಲ. ಕಾಲೇಜು ನಿಜಕ್ಕೂ ಒಳ್ಳೆಯದಿತ್ತು, ಅವಳಿಗೆ ಓದಬೇಕೆಂಬ ಆಸೆಯೂ ಇತ್ತು.

ಹತ್ತು ದಿನದ ಮೇಲೆ ಅವಳನ್ನು ರೈಲು ಹತ್ತಿಸಲು ಎಲ್ಲರೂ ಹೋದೆವು. ಭಾವ ಕಿಟಕಿಯ ಸರಳು ಹಿಡಿದುಕೊಂಡು, "ಹೋಗ್ಬೇಡ" ಎಂದರು. ಒಮ್ಮೆ ಬಾಯಿಗೆ ಬಂದದ್ದೇ ತಡ, ಆ ಹತ್ತು ದಿನದಲ್ಲಿ ನೂರು ಸಲ ಹೇಳಿದ್ದರು. "ದೊಡ್ಡಪ್ಪ, ಎಲ್ರೂ ನೋಡ್ತಿದಾರೆ" ಎಂದು ಪಿಟ್ಟಿ ನಾಚಿಕೊಂಡಳು. "ನೋಡ್ಲಿ" ಎಂದರು. ರೈಲು ಕದಲಿತು. ಭಾವ ಸರಳು ಬಿಡದೆ ಜೊತೆಗೆ ನಡೆದರು, ಆಮೇಲೆ ಓಡಿದರು, ಆಮೇಲೆ ಬಿಡಬೇಕಾಯಿತು. ಅಷ್ಟರಲ್ಲಿ ಪಿಟ್ಟಿ ಕಿಟಕಿಗೆ ಮುಖ ಒತ್ತಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸುವಂತೆ ಕೂಗಿದಳು: "ರಜಕ್ಕೆ ಬರ್ತೀನಿ! ನನ್ನ ಕೋಣೇಲಿ ನಿಮ್ಮ ಆ ಹಾಳು ಪುಸ್ತಕ ತುಂಬಿಸಿದ್ರೆ ನೋಡಿ ಮತ್ತೆ! ಎಲ್ಲಾ ಎತ್ತಿ ಬೀದಿಗೆ ಎಸೀತೀನಿ!"

ಹನ್ನೊಂದು ವರ್ಷದಲ್ಲಿ ಆ ಹುಡುಗಿ ಆ ಮನೆಯಲ್ಲಿ ಯಾರನ್ನೂ ಹೀಗೆ ದಬಾಯಿಸಿದವಳಲ್ಲ.