ಬಾಗಿಲಿಲ್ಲದ ಕೀಲಿ

ಲಾಲಸಾಬನ ಪಡಸಾಲೆಯ ಗೋಡೆಯಲ್ಲಿ ಏಳೆಂಟು ಕೀಲಿಗಳು ಮೊಳೆಗೆ ತೂಗುತ್ತಿದ್ದವು. ಎಲ್ಲವೂ ಹಾಕಿದ ಬೀಗಗಳೇ. ಒಂದಕ್ಕೂ ಬಾಗಿಲಿಲ್ಲ, ಪೆಟ್ಟಿಗೆಯಿಲ್ಲ. ಬೆಳುಂಕಿಯಲ್ಲಿ ಕೀಲಿ, ಸ್ಟೋವು, ಛತ್ರಿ ರಿಪೇರಿ ಮಾಡುತ್ತಿದ್ದ ಈ ಮನುಷ್ಯ ದೆವ್ವಗಳನ್ನೂ ಕಟ್ಟುತ್ತಿದ್ದ. ಒಂದು ದೆವ್ವಕ್ಕೆ ಒಂದು ಕೀಲಿ. ಕೀಲಿ ಅವನ ಗೋಡೆಗೆ, ಕೀಲಿಕೈ ಪೀಡಿತರ ಮನೆಗೆ.

"ಎರಡೂ ನನ್ನ ಹತ್ರ ಯಾಕ ಇರಬೇಕ್ರಿ? ನಾಳಿಗೆ ನನಗ ಬುದ್ಧಿ ಕೆಟ್ರ?" ಎನ್ನುತ್ತಿದ್ದ.

ನಾನು ಅದೇ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಶಾಲೆ ಬಿಟ್ಟಮೇಲೆ ಅವನ ಕಟ್ಟೆಯ ಮೇಲೆ ಕುಳಿತು ಗೇಲಿ ಮಾಡುವುದು ನನ್ನ ಚಟ. ಅವನೂ ಬಿಡುವವನಲ್ಲ. "ಕರೆಂಟ್ ಕಣ್ಣೀಲೆ ನೋಡೀರೇನ್ರಿ ಗುರೂಜಿ? ಬಲ್ಬ್ ಅಷ್ಟ ನೋಡೀರಿ," ಎಂದು ನಕ್ಕು ಮತ್ತೆ ಅರ ಹಿಡಿಯುತ್ತಿದ್ದ.

ಬಂದವರಿಗೆಲ್ಲ ಅವನು ಕೀಲಿ ಹಾಕುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಂಗಸು ಮೈಮೇಲೆ ಗಾಳಿ ಬರುತ್ತದೆಂದು ಬಂದಳು. "ಗಂಡ ಮನ್ಯಾಗ ಇದ್ದಾಗ ಬರತೈತೋ, ಇಲ್ಲದಾಗೋ?" ಎಂದು ಕೇಳಿದ. ಇದ್ದಾಗ ಎಂದಳು. "ಹಂಗಾರ ಇದು ನನ್ನ ಕೆಲಸ ಅಲ್ಲವ್ವಾ. ಅವನ್ನ ಕರಕೊಂಡು ಬಾ, ಮಾತಾಡೋಣು," ಎಂದು ಚಹಾ ಕುಡಿಸಿ ಕಳಿಸಿದ. ಅವತ್ತು ಇವನು ದೆವ್ವ ಕಟ್ಟುವವನೋ ಊರಿನ ಪಂಚನೋ ನನಗೆ ತಿಳಿಯಲಿಲ್ಲ.

ಕುಣಿಕೋಣೂರಿನ ಒಬ್ಬನ ವಿಷಯದಲ್ಲಿ ಮಾತ್ರ ಅವನಿಗೆ ಕೊನೆಯವರೆಗೂ ಕೊರಗಿತ್ತು. ಸಿಟ್ಟು ಬಂದರೆ ಕೊಡಲಿ ಹಿಡಿಯುತ್ತಿದ್ದವನು ಕೀಲಿ ಹಾಕಿದ ದಿನದಿಂದ ತಣ್ಣಗಾದ. ಆದರೆ ಮಾತೂ ನಿಂತಿತು. ಮೂರು ತಿಂಗಳು ಕಾದು ಲಾಲಸಾಬ ಕೀಲಿ ತೆಗೆದ. ಅವನು ಬಾಯಿ ಬಿಟ್ಟು ಮೊದಲು ಲಾಲಸಾಬನನ್ನೇ ಬೈದನಂತೆ. ಇದನ್ನು ಹೇಳಿ ಲಾಲಸಾಬ ಅನ್ನುತ್ತಿದ್ದ: "ಕಟ್ಟೂದು ಏನ ದೊಡ್ಡದಲ್ರಿ. ಕಟ್ಟುವಾಗ ಮನಷ್ಯಾಂದೂ ಸ್ವಲ್ಪ ಒಳಗ ಹೋಗತೈತಿ. ಅದಕ್ಕ ಕಟ್ಟಿದಾಂವ ಸಾಯೂದ್ರಾಗ ಎಲ್ಲಾ ಬಿಚ್ಚಿ ಹೋಗಬೇಕು. ಇಲ್ಲಂದ್ರ ಅವನಿಗೂ ಬಿಡುಗಡಿ ಇಲ್ಲ."

ನನ್ನ ತಂಗಿ ದಾನವ್ವನಿಗೆ ಹತ್ತೊಂಬತ್ತರಲ್ಲಿ ಮೂರ್ಛೆ ಶುರುವಾಯಿತು. ನಾನು ಸಾಂಗ್ಲಿಯ ಡಾಕ್ಟರರಿಗೆ ತೋರಿಸಿದೆ. ಅದೇ ವಾರ ಅವ್ವ ಲಾಲಸಾಬನಿಗೆ ತೋರಿಸಿದಳು. ಅವನು ಕೀಲಿ ಹಾಕಿ, ಕೀಲಿಕೈಯನ್ನು ಗುಳಿಗೆಯ ಡಬ್ಬಿಗೇ ಕಟ್ಟಿ ಕೊಟ್ಟ. "ಒಂದಿನ ಗುಳಿಗಿ ತಪ್ಪಿದ್ರ ನನ್ನ ಕೀಲಿ ನಿಲ್ಲಂಗಿಲ್ಲ ನೋಡವ್ವಾ," ಎಂದ. ಮೂರ್ಛೆ ನಿಂತಿತು. ಗುಳಿಗೆಯಿಂದ ಎಂದು ನಾನು, ಕೀಲಿಯಿಂದ ಎಂದು ಅವ್ವ. ಅವನನ್ನೇ ಕೇಳಿದರೆ, "ನೀವಿಬ್ರೂ ಜಗಳಾಡ್ರಿ, ಹುಡುಗಿ ಆರಾಮ ಇರ್ಲಿ," ಎಂದುಬಿಟ್ಟ.

ಆದರೆ ಓಣಿಗೆಲ್ಲ ಕೇಳುವಂತೆ ನಗುತ್ತಿದ್ದ ದಾನವ್ವ ಆಮೇಲೆ ನಗುವುದನ್ನೇ ಮರೆತಳು. ಗುಳಿಗೆಯಿಂದ ಮಂಕು ಬರುತ್ತದೆ ಎಂದರು ಡಾಕ್ಟರರು. ಇರಬಹುದು. ಕುಣಿಕೋಣೂರಿನವನ ನೆನಪೂ ಬರುತ್ತಿತ್ತು. ಗುಡ್ಡಾಪುರಕ್ಕೆ ಮದುವೆಯಾಗಿ ಹೋಗುವಾಗ ಗುಳಿಗೆ ಒಯ್ದಳು. ಡಬ್ಬಿಯಿಂದ ಬಿಚ್ಚಿದ ಕೀಲಿಕೈ ನನ್ನ ಹತ್ತಿರವೇ ಉಳಿಯಿತು.

ಈ ವರ್ಷ ಲಾಲಸಾಬ ಹಾಸಿಗೆ ಹಿಡಿದ. ಒಂದೊಂದೇ ಮನೆಯವರನ್ನು ಕರೆಸಿ ಕೀಲಿ ತೆಗೆದ. ಒಂದು ಮಧ್ಯಾಹ್ನ ನನಗೂ ಕರೆ ಬಂತು. ಗೋಡೆಯಲ್ಲಿ ನಮ್ಮದೊಂದೇ ಉಳಿದಿತ್ತು.

"ಕೀಲಿಕೈ ತರ್ರಿ ಗುರೂಜಿ. ಇದೊಂದು ಬಿಚ್ಚಿದ್ರ ನಾ ಹಗುರ ಆಗ್ತೀನಿ."

"ದಾನವ್ವ ಬಸುರಿ ಅದಾಳ ಕಾಕಾ. ಈಗ ಬ್ಯಾಡ."

"ಗುಳಿಗೀಲೆ ಆರಾಮ ಆಗ್ಯಾಳಂತ ನೀವ ಅಂತಿದ್ರಲ್ಲ?"

ಹದಿನೈದು ವರ್ಷ ಮಕ್ಕಳಿಗೆ ಮೂಢನಂಬಿಕೆಯ ವಿರುದ್ಧ ಪಾಠ ಮಾಡಿದವನು ನಾನು. ನಾಳೆ ತರುತ್ತೇನೆ ಎಂದೆ. "ನಾಳೆ," ಎಂದು ಅವನೂ ಅಂದು ಗೋಡೆಯ ಕಡೆ ನೋಡಿದ. ಒಂಬತ್ತು ದಿನ ನಾನು ಆ ಓಣಿಗೆ ಕಾಲಿಡಲಿಲ್ಲ. ಹತ್ತನೆಯ ದಿನ ಅವನು ತೀರಿಕೊಂಡ.

ಮಣ್ಣು ಕೊಟ್ಟು ಬಂದಮೇಲೆ ಅವನ ಹೆಂಡತಿ ಕೀಲಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಕಡೀತನಕಾ ಬಾಗಲಾ ನೋಡತಿದ್ರು," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ದಾನವ್ವ ಲಾಲಸಾಬನ ಮನೆಯವರನ್ನು ಮಾತಾಡಿಸಿಕೊಂಡು ಹೋಗಲು ಬಂದಾಗ ಎಲ್ಲ ಹೇಳಿದೆ. ಕೀಲಿಯನ್ನು ಉಡಿಯಲ್ಲಿಟ್ಟುಕೊಂಡು ಕುಳಿತಳು.

"ನನಗ ಒಂದ ಮಾತ ಕೇಳಬೇಕಿತ್ತಲ್ಲಣ್ಣಾ. ನಾ ತೆಗಿ ಅಂತಿದ್ನಿ. ಗುಳಿಗಿ ಹೆಂಗೂ ತಗೋತೀನಿ. ತಾ ಇಲ್ಲಿ ಕೀಲಿಕೈ, ಈಗರೆ ತೆಗಿಯೂಣು."

ಎಲ್ಲಿಟ್ಟಿದ್ದೇನೋ ನೆನಪಿಲ್ಲ, ಹುಡುಕಬೇಕು ಎಂದೆ. ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು.