ಸ್ಪ್ಯಾನರಣ್ಣನ ಹನ್ನೊಂದು ತಿರುಪು

ಬಸ್ ಡಿಪೋದಲ್ಲಿ ಬ್ರೇಕು, ಚಕ್ರ ನೋಡಿಕೊಳ್ಳುವ ಮೆಕ್ಯಾನಿಕ್ಕಿಗೆ ಜೊತೆಯವರು ಇಟ್ಟ ಹೆಸರು ಸ್ಪ್ಯಾನರಣ್ಣ. ಅವನ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ನೆಂಟರ ಮನೆಗೆ ಹೋದರೆ ಕ್ಷೇಮ ವಿಚಾರಿಸುವ ಮೊದಲು ಬಾಗಿಲಿನ ಚಿಲಕ ಅಲ್ಲಾಡಿಸಿ ನೋಡುತ್ತಾನೆ. ಚೆನ್ನಾಗಿಯೇ ತಿರುಗುತ್ತಿದ್ದ ಮಿಕ್ಸಿಯನ್ನು ಇನ್ನೂ ಚೆನ್ನಾಗಿ ತಿರುಗಿಸುತ್ತೇನೆಂದು ಬಿಚ್ಚಿದಾಗ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳು.

ಇಂಥವನ ಕೈಗೆ ರಿಮೋಟ್ ಟ್ರಕ್ ಸಿಕ್ಕಿತು ಅಂದಮೇಲೆ ಕೇಳಬೇಕೆ? ಬೆಕ್ಕಿನಷ್ಟು ದೊಡ್ಡ ಟ್ರಕ್ಕು. ಅಂಗಡಿಯಿಂದ ತಂದದ್ದರಲ್ಲಿ ಈಗ ಉಳಿದಿರುವುದು ಮೇಲಿನ ಹಸಿರು ಬಾಡಿ ಒಂದೇ. ಮೆತ್ತನೆಯ ಟೈರು ಬಂತು, ಮುಂದಿನ ಚಕ್ರಗಳೊಳಗೆ ಹಿತ್ತಾಳೆಯ ತೂಕ ಬಂತು, ಬ್ಯಾಟರಿ ಹಿಂದಿನಿಂದ ಮುಂದಕ್ಕೆ ಬಂದು ಕೆಳಗೆ ಕೂತಿತು. ಇದು ಓಡುವ ಟ್ರಕ್ಕಲ್ಲ, ಹತ್ತುವ ಟ್ರಕ್ಕು. ಊರಾಚೆಯ ಹಳೆಯ ಕಲ್ಲುಕ್ವಾರಿಯಲ್ಲಿ ಪಂದ್ಯ. ಬಂಡೆಗಳ ಮೇಲೆ ಎರಡೆರಡು ಕಡ್ಡಿ ನೆಟ್ಟಿರುತ್ತಾರೆ. ಅವುಗಳ ನಡುವೆ ಟ್ರಕ್ಕು ತೆವಳಿಕೊಂಡು ಹತ್ತಬೇಕು. ಕಡ್ಡಿಗೆ ತಾಗಿದರೆ ಅಂಕ ಹೋಯಿತು, ಮಗುಚಿದರೆ ಇನ್ನಷ್ಟು ಹೋಯಿತು.

ರಿಮೋಟ್ ಹಿಡಿಯುವುದು ಅವನಲ್ಲ, ಕಾಲೇಜಿಗೆ ಹೋಗುವ ಮಗಳು. ಇವನು ಹಿಡಿದರೆ ಟ್ರಕ್ಕು ಮೊದಲ ಬಂಡೆಯಲ್ಲೇ ಅಂಗಾತ. ತಾಳ್ಮೆಯೆಲ್ಲ ಅವಳ ಪಾಲಿಗೆ, ಚಡಪಡಿಕೆಯೆಲ್ಲ ಇವನ ಪಾಲಿಗೆ ಎಂದು ಹೆಂಡತಿ ಹಂಚಿಬಿಟ್ಟಿದ್ದಾಳೆ. ಕಳೆದ ಪಂದ್ಯದ ಬೆಳಿಗ್ಗೆ ಇವನು ಮಗಳಿಗೆ ಹೇಳದೆ ಟೈರು ಬದಲಾಯಿಸಿದ. ಅವಳಿಗೆ ಗೊತ್ತಿದ್ದ ಟ್ರಕ್ಕೇ ಬೇರೆ, ಕೈಗೆ ಬಂದ ಟ್ರಕ್ಕೇ ಬೇರೆ. ಎರಡನೆಯ ಬಂಡೆಯಲ್ಲಿ ಅದು ಮಗುಚಿತು. ನಾಲ್ಕು ಜನರೆದುರು ಅವಳ ಕಣ್ಣಲ್ಲಿ ನೀರು ಬಂತು.

ಈ ಸಲ ಪಂದ್ಯಕ್ಕೆ ಎಂಟು ದಿನವಿರುವಾಗ ಅವಳು ಕೋಣೆಗೆ ಬಂದರೆ ಅಪ್ಪ ಮತ್ತೆ ಟ್ರಕ್ಕಿನ ಮೇಲೆ ಬಗ್ಗಿದ್ದ.

"ಇವತ್ತಿಂದ ಮುಟ್ಟೋ ಹಾಗಿಲ್ಲ ಅಪ್ಪ. ಮುಟ್ಟಿದ್ರೆ ರಿಮೋಟ್ ನೀನೇ ಹಿಡ್ಕೋ. ನಾನು ಬರಲ್ಲ, ಇನ್ಯಾವತ್ತೂ ಬರಲ್ಲ."

ಅವನು ಕಳ್ಳನಂತೆ ಸ್ಕ್ರೂಡ್ರೈವರ್ ಕೆಳಗಿಟ್ಟು ಆಗಲಿ ಎಂದ. ಅವಳು ನೇಲ್ ಪಾಲಿಶ್ ತಂದು ಟ್ರಕ್ಕಿನ ಹನ್ನೊಂದು ತಿರುಪುಗಳ ಮೇಲೂ ಒಂದೊಂದು ಕೆಂಪು ಗೆರೆ ಎಳೆದಳು. ಅದು ಅವನೇ ಕಲಿಸಿದ ವಿದ್ಯೆ. ಡಿಪೋದಲ್ಲಿ ಚಕ್ರದ ನಟ್ಟು ಬಿಗಿಮಾಡಿದ ಮೇಲೆ ನಟ್ಟಿನಿಂದ ಪಕ್ಕದ ಲೋಹಕ್ಕೆ ಹಳದಿ ಬಣ್ಣದ ಗೆರೆ ಎಳೆಯುತ್ತಾರೆ. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ. ನಟ್ಟು ಬಿಗಿಯಿದೆಯೇ ಎಂದು ನೋಡದೆ ಗೆರೆ ಎಳೆದಿದ್ದ ಒಬ್ಬನನ್ನು ಸ್ಪ್ಯಾನರಣ್ಣ ಹಿಂದೊಮ್ಮೆ ಎಲ್ಲರೆದುರು ಬೈದು ನೀರಿಳಿಸಿದ್ದ.

ಆ ಎಂಟು ದಿನ ಅವನಿಗೆ ಮೈಮೇಲೆ ಇರುವೆ ಬಿಟ್ಟ ಹಾಗಿತ್ತು. ನಲ್ಲಿ ಬಿಚ್ಚಿದ, ಫ್ಯಾನ್ ಇಳಿಸಿದ, ಸರಿಯಿದ್ದ ಗಡಿಯಾರವನ್ನು ಮತ್ತೆ ಸರಿಮಾಡಿದ. "ರೀ, ನನ್ನನ್ನೂ ಬಿಚ್ಚಿ ನೋಡ್ಬಿಡಿ ಒಂದ್ಸಲ" ಎಂದಳು ಹೆಂಡತಿ.

ಗುರುವಾರ ಡಿಪೋದಲ್ಲಿ ಹಳದಿ ಗೆರೆ ಎಳೆಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಮಗಳು ಕೋಣೆಗೆ ಬಂದಾಗ ಅವನು ಮಾಡುತ್ತಿದ್ದದ್ದೇನು? ಮುಂದಿನ ಚಕ್ರಗಳನ್ನು ಅತ್ತಿತ್ತ ತಿರುಗಿಸುವ ಪುಟ್ಟ ಮೋಟರಿನ ತೋಳನ್ನು ಕೂದಲೆಳೆಯಷ್ಟು ಸರಿಸಲು ಅದರ ತಿರುಪು ಸಡಿಲಿಸಿದ್ದ. ಮತ್ತೆ ಬಿಗಿಮಾಡಿರಲಿಲ್ಲ. ಸಡಿಲ ತಿರುಪಿನ ಮೇಲೇ ಅವಳು ನಂಬಿ ಗೆರೆ ಎಳೆದಿದ್ದಳು.

ಸಂಜೆ ಅವಳ ಕೋಣೆಯ ಬಾಗಿಲಲ್ಲಿ ನಿಂತ. "ಒಂದ್ ಮಾತು..."

"ಟ್ರಕ್ ವಿಷ್ಯನಾ?" ಪುಸ್ತಕದಿಂದ ತಲೆ ಎತ್ತದೆ ಕೇಳಿದಳು. "ಒಂದೇ ಒಂದು ತಿರುಪು ಅಂತೀಯಾ ಅಲ್ವಾ?"

ಅವನು ಸರಿಯಾಗಿ ಅದನ್ನೇ ಹೇಳಬೇಕೆಂದಿದ್ದ. ಹಿಂದೆ ನಾಲ್ಕು ಸಲ ಸುಳ್ಳೇ ಹೇಳಿದ್ದ ಮಾತು ಇಂದು ನಿಜವಾದಾಗ ಬಾಯಿಂದ ಹೊರಡಲಿಲ್ಲ. "ಊಟಕ್ಕೆ ಬಾ ಅನ್ನೋಕೆ ಬಂದೆ" ಎಂದು ನಾಲಿಗೆ ಕಚ್ಚಿಕೊಂಡು ಬಂದ.

ಶನಿವಾರ ಮಧ್ಯಾಹ್ನ ಅವಳು ಗೆಳತಿಯ ಮನೆಗೆ ಹೋದಾಗ ಬಾಗಿಲು ಹಾಕಿಕೊಂಡ. ತಿರುಪು ಮುಕ್ಕಾಲು ಸುತ್ತು ತಿರುಗಿತು. ಅಷ್ಟು ಸಡಿಲವಿತ್ತು. ಮುರಿದ ಗೆರೆಯನ್ನು ಕೆರೆದು, ಅವಳದೇ ಬಾಟಲಿಯಿಂದ ಹೊಸ ಗೆರೆ ಎಳೆದ. ಬಸ್ಸಿನಡಿ ಮಲಗಿ ಮೂವತ್ತು ವರ್ಷ ಸ್ಪ್ಯಾನರು ಹಿಡಿದ ಕೈಗೆ ಆ ಪುಟ್ಟ ಕುಂಚ ಹೊಸದು. ಗೆರೆ ಸ್ವಲ್ಪ ದಪ್ಪವಾಯಿತು.

ಭಾನುವಾರ ಕೊನೆಯ ಬಂಡೆಯ ಸಂದಿನಲ್ಲಿ ಟ್ರಕ್ಕಿನ ಮುಂದಿನ ಚಕ್ರ ಸಿಕ್ಕಿಕೊಂಡಿತು. ಮಗಳು ರಿಮೋಟಿನಲ್ಲಿ ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಪುಟ್ಟ ಮೋಟರು ಮುಲುಗಿತು, ತೋಳು ಜಾರಲಿಲ್ಲ. ಇಂಚಿಂಚಾಗಿ ಹತ್ತಿ ಟ್ರಕ್ಕು ಕಡ್ಡಿ ದಾಟಿತು. ಮೊದಲ ಸ್ಥಾನ. ಅವಳು ಟ್ರಕ್ಕನ್ನು ಎತ್ತಿ ತಿರುಗಿಸಿ ಸುತ್ತಲಿದ್ದವರಿಗೆಲ್ಲ ತೋರಿಸಿದಳು. "ನಮ್ಮಪ್ಪ ಎಂಟು ದಿನ ಮುಟ್ಟೇ ಇಲ್ಲ. ನೋಡಿ, ಒಂದು ಗೆರೆನೂ ಮುರಿದಿಲ್ಲ!" ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮನೆಗೆ ಬಂದವಳೇ ಅವಳು ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಗೆರೆಗಳನ್ನು ಒರೆಸತೊಡಗಿದಳು. "ಇನ್ಮೇಲೆ ಈ ಗುರುತೆಲ್ಲ ಬೇಡಪ್ಪ. ನಿನ್ ಮಾತೇ ಸಾಕು."

ಹತ್ತು ಗೆರೆ ಹೋದವು, ಉಳಿದದ್ದು ಆ ದಪ್ಪ ಗೆರೆ ಒಂದೇ. ಅವನಿಗೆ ಇನ್ನು ತಡೆಯಲಾಗಲಿಲ್ಲ. "ಅದು ನೀನು ಎಳೆದಿದ್ದಲ್ಲ. ನಾನು" ಎಂದು ಎಲ್ಲವನ್ನೂ ಹೇಳಿಬಿಟ್ಟ.

ಅವಳ ಕೈ ನಿಂತಿತು. "ಸಡಿಲ ಇತ್ತು, ಬಿಗಿ ಮಾಡ್ದೆ. ಅದಕ್ಕೆ ನಂಗೇನೂ ಬೇಜಾರಿಲ್ಲ. ಗೆರೆ ಯಾಕೆ ಎಳೆದೆ?"

ಅವನು ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಅತ್ತಿಂದಿತ್ತ ಸರಿಸಿದ. ಅವಳು ರಿಮೂವರ್ ಬಾಟಲಿಯ ಮುಚ್ಚಳ ಬಿಗಿಮಾಡಿ, ಆ ಒಂದು ಗೆರೆಯನ್ನು ಹಾಗೇ ಬಿಟ್ಟು ಎದ್ದುಹೋದಳು.

ಮುಂದಿನ ಪಂದ್ಯಕ್ಕೆ ಬರುತ್ತೀಯಾ ಎಂದು ಕೇಳಿದರೆ "ನೋಡೋಣ" ಎನ್ನುತ್ತಾಳೆ. ಅಷ್ಟರಲ್ಲಿ ಸ್ಪ್ಯಾನರಣ್ಣ ಟ್ರಕ್ಕಿನ ಸ್ಪ್ರಿಂಗ್ ಬದಲಾಯಿಸಿದ್ದಾನೆ, ಟೈರು ಎರಡು ಸಲ ಬದಲಾಯಿಸಿದ್ದಾನೆ, ಎರಡು ಸಲವೂ ಅವಳನ್ನು ಕೇಳಿಯೇ. ಮೇಜಿನ ಮೇಲೆ ರಿಮೂವರ್ ಬಾಟಲಿ ಅಲ್ಲೇ ಇದೆ, ಪಕ್ಕದಲ್ಲಿ ಹತ್ತಿಯೂ ಇದೆ. ಟ್ರಕ್ಕಿನ ಮೇಲೆಲ್ಲ ಓಡಾಡುವ ಅವನ ಕೈ ಆ ದಪ್ಪ ಕೆಂಪು ಗೆರೆಯನ್ನು ಮಾತ್ರ ಇನ್ನೂ ಮುಟ್ಟಿಲ್ಲ.