ನಾಲ್ಕು ಮೂಲೆಯ ಅರಸಿನ

ಮೆಲ್ಕಾರಿನ ಪ್ರೆಸ್ಸಿನಲ್ಲಿ ಕಾಂತಿ ಒಂದು ಮದುವೆ ಕಾಗದ ಓದುವುದನ್ನು ನೀವು ನೋಡಬೇಕಿತ್ತು. ಮೊದಲು ಮೇಲಿನಿಂದ ಕೆಳಕ್ಕೆ ಓದುತ್ತಾಳೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಆಮೇಲೆ ವರನ ಅಪ್ಪನಿಗೆ ಫೋನ್ ಮಾಡಿ, "ನಿಮ್ಮ ಹೆಸರು ನೀವೇ ಒಮ್ಮೆ ಹೇಳಿ" ಅನ್ನುತ್ತಾಳೆ. ಆ ಮನುಷ್ಯ ಹೇಳಿದರೂ ಇವಳಿಗೆ ಪೂರ್ತಿ ನಂಬಿಕೆ ಇಲ್ಲ, ಹೆಂಡತಿಯ ಕೈಗೆ ಫೋನ್ ಕೊಡಿ ಅನ್ನುತ್ತಾಳೆ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಮದುವೆ ಕಾಗದ ಮಾಡಿದವಳು ತನ್ನದೊಂದು ಮಾಡಿಕೊಳ್ಳಲಿಲ್ಲ. ಯಾಕೆ ಎಂದರೆ, ನೋಡಲು ಬಂದ ಗಂಡುಗಳ ಮೇಲೆಲ್ಲ ಅವಳಿಗೆ ಸಂಶಯವೇ!

ಈ ಸಂಶಯ ಹುಟ್ಟಿನಿಂದ ಬಂದದ್ದೇನಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಯಾರದೋ ಹಳೆಯ ಕಾಗದದ ಮೇಲೆ ಹೊಸ ಹೆಸರುಗಳನ್ನು ಕೂರಿಸುವಾಗ ಹಳೆಯ ಅಜ್ಜನ ಹೆಸರಿಗಿದ್ದ 'ದಿವಂಗತ' ಹಾಗೆಯೇ ಉಳಿದುಹೋಯಿತು. ಹೊಸ ಅಜ್ಜನೋ ಗಟ್ಟಿಮುಟ್ಟಾಗಿ ಬದುಕಿದ್ದ. ಅವನೇ ಬಸ್ಸು ಹತ್ತಿ ಪ್ರೆಸ್ಸಿಗೆ ಬಂದು, ಮೇಜಿನ ಮೇಲೆ ಕಾಗದ ಎಸೆದು, "ನನ್ನನ್ನು ಕೊಂದವರು ಯಾರು ಇಲ್ಲಿ?" ಎಂದು ಕೇಳಿದ. ಎಂಟುನೂರು ಕಾಗದವನ್ನು ಹಿತ್ತಿಲಲ್ಲಿ ಸುಟ್ಟದ್ದು ಕಾಂತಿಯೇ. ಅಂದಿನಿಂದ ಮದುವೆ ಮನೆಯ ಅತಿ ಹಿರಿಯರಿಗೆ ಓದಿ ಹೇಳದೆ ಅವಳು ಒಂದು ಕಾಗದವನ್ನೂ ಅಚ್ಚಿಗೆ ಹಾಕಿದ್ದಿಲ್ಲ. ಹಾಲು ಕುಡಿದು ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಇವಳು ನೀರನ್ನೂ ಊದುವವಳು.

ಕಳೆದ ಆಗಸ್ಟಿನಲ್ಲಿ ಪ್ರೆಸ್ಸಿನ ಯಜಮಾನ ಜಯಪ್ರಕಾಶಣ್ಣ ಇಬ್ಬರನ್ನೂ ಕರೆದು ಕೂರಿಸಿದರು. ಇಬ್ಬರು ಎಂದರೆ ಕಾಂತಿ, ಮತ್ತೆ ಜೂನಿನಲ್ಲಷ್ಟೇ ಸೇರಿದ ಕಲ್ಲಡ್ಕದ ಹುಡುಗಿ ಮೋಕ್ಷಿತಾ.

"ಈಗ ಎಂಟುನೂರು ಕಾಗದ ಯಾರಿಗೂ ಬೇಡ. ದೇವರ ಮುಂದೆ ಇಡ್ಲಿಕ್ಕೆ, ಹತ್ತಿರದವರಿಗೆ ಕೊಡ್ಲಿಕ್ಕೆ ನೂರು ಸಾಕು. ಉಳಿದವರಿಗೆ ವಾಟ್ಸಾಪಿನಲ್ಲಿ ವೆಬ್ ಪೇಜ್ ಕಳಿಸ್ತಾರೆ. ದೀಪಾವಳಿ ಕಳೆದ ಮೇಲೆ ಇಬ್ಬರನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ. ಪೇಜ್ ಚಂದ ಮಾಡುವವರೊಬ್ಬರು ಇದ್ರೆ ಸಾಕು. ಮೋಕ್ಷಿತಾ, ನೀನು ಕಾಂತಿಗೆ ಕಲಿಸು."

ಕೇಳಿದಿರಲ್ಲ! ಇಬ್ಬರಲ್ಲಿ ಒಬ್ಬಳು ಹೋಗಬೇಕು, ಮತ್ತೆ ಒಬ್ಬಳು ಇನ್ನೊಬ್ಬಳಿಗೆ ಕಲಿಸಬೇಕು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವವರು ಲೋಕದಲ್ಲಿ ಉಂಟೇ? ಹುಡುಗಿ ಬೇಕೆಂದೇ ತಪ್ಪು ಕಲಿಸುತ್ತಾಳೆ ಎಂದು ಕಾಂತಿ ಅವತ್ತೇ ತೀರ್ಮಾನ ಮಾಡಿಬಿಟ್ಟಳು. ಐವತ್ತೊಂದರ ಹೆಂಗಸಿಗೆ ಬೇರೆ ಕಡೆ ಕೆಲಸ ಕೊಡುವವರಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಪಾಠ ಶುರುವಾದ ದಿನವೇ ತಕರಾರು. ಮೋಕ್ಷಿತಾ ಒಂದೊಂದೇ ಜಾಲತಾಣ ತೆರೆದು ತೋರಿಸಿದಳು. ಇಲ್ಲಿ ಅಕ್ಷರ ಸಿಗ್ತದೆ, ಇಲ್ಲಿ ಚಿತ್ರ ಸಿಗ್ತದೆ, ಇಲ್ಲಿ ಇಡೀ ಪುಟವೇ ತಯಾರಾಗಿ ಸಿಗ್ತದೆ, ಹೆಸರು ಬದಲಿಸಿದರೆ ಆಯಿತು.

"ಎಲ್ಲ ಫ್ರೀ ಅಕ್ಕ."

"ಫ್ರೀ ಯಾಕೆ?"

"ಯಾಕೆ ಅಂದ್ರೆ... ಫ್ರೀ ಅಕ್ಕ. ಯಾರೋ ಮಾಡಿ ಹಾಕಿದ್ದಾರೆ."

"ಅವರಿಗೆ ಬೇರೆ ಕೆಲಸ ಇಲ್ಲವಾ? ಪುಕ್ಕಟೆ ಸಿಕ್ಕಿದ್ರೆ ನನಗೊಂದು, ನಮ್ಮಪ್ಪನಿಗೊಂದು ಅಂತ ಓಡುವವಳು ನಾನಲ್ಲ ಮಾರಾಯ್ತಿ."

ತಯಾರು ಪುಟವನ್ನು ಕಾಂತಿ ಕೆಳಗಿನಿಂದ ಮೇಲಕ್ಕೆ ಓದಿದಳು. ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಮಾಡಿದವನ ಹೆಸರು ಸಿಕ್ಕಿಯೇ ಸಿಕ್ಕಿತು. "ನೋಡಿದಿಯಾ! ನಾವು ಇದನ್ನು ಹೀಗೇ ಬಿಟ್ಟಿದ್ರೆ ಮದುವೆ ಮನೆಯಲ್ಲಿ ಇವನ ಹೆಸರೂ ಇರ್ತಿತ್ತು!" ಎಂದು ಗೆದ್ದವಳ ಹಾಗೆ ಹೇಳಿದಳು. ಮೋಕ್ಷಿತಾ ಅದನ್ನು ನೋಡಿಯೇ ಇರಲಿಲ್ಲ. ಕಾಂತಿಗೆ ಮಾತ್ರ, ಇವಳು ನೋಡಿಯೂ ಸುಮ್ಮನಿದ್ದಳು ಎಂದೇ ಅನಿಸಿತು. ತನ್ನ ಪುಟಗಳ ಪಾಸ್‌ವರ್ಡ್ ಒತ್ತುವಾಗ ಎಡಗೈ ಅಡ್ಡ ಹಿಡಿಯುವ ಅಭ್ಯಾಸ ಅವಳಿಗೆ ಶುರುವಾದದ್ದು ಅವತ್ತಿನಿಂದ. ಮೋಕ್ಷಿತಾ ಅದನ್ನು ಕಂಡಳು, ಮುಖ ಆಚೆ ತಿರುಗಿಸಿದಳು.

ಸಂಶಯ ಇದ್ದರೂ ಕಲಿಯುವುದರಲ್ಲಿ ಕಾಂತಿ ಹಿಂದೆ ಬೀಳಲಿಲ್ಲ. ಒಂದು ಪುಟದಲ್ಲಿ ಎರಡು ತರದ ಅಕ್ಷರಕ್ಕಿಂತ ಹೆಚ್ಚು ಬೇಡ. ಬಣ್ಣ ಮೂರು ಸಾಕು. ಸಾಲಿಗೂ ಸಾಲಿಗೂ ಉಸಿರಾಡಲು ಜಾಗ ಬಿಡು. ಎಲ್ಲವನ್ನೂ ತಪ್ಪು ತಿದ್ದುವ ಪ್ರೂಫ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡಳು. ಅವಳ ಮನಸ್ಸಿಗೆ ಹಿಡಿಸಿದ್ದು ಬಣ್ಣದ ಉಪಾಯ. ಯಾವುದೇ ವಸ್ತುವಿನ ಫೋಟೋ ಹಾಕಿ ಅದರ ಮೇಲೆ ಒತ್ತಿದರೆ ಇಂಗ್ಲಿಷ್ ಅಕ್ಷರ, ಅಂಕಿ ಬೆರೆತ ಆ ಬಣ್ಣದ ಸಂಖ್ಯೆ ಬರುತ್ತದೆ. ಆ ಸಂಖ್ಯೆ ಬರೆದರೆ ಪುಟದಲ್ಲಿ ಅದೇ ಬಣ್ಣ. ಕಾಂತಿ ಮನೆಯ ಕುಂಕುಮ, ಅರಸಿನ, ಹಣ್ಣಡಿಕೆ, ಕೆಸುವಿನ ಎಲೆ, ಎಲ್ಲದರ ಫೋಟೋ ತೆಗೆದು ಸಂಖ್ಯೆ ಬರೆದಿಟ್ಟಳು. ಇನ್ನೊಂದು ಉಪಾಯ, ಕಣ್ಣು ಅರ್ಧ ಮುಚ್ಚಿ ಪುಟ ನೋಡುವುದು. ಓದಲು ಆಗಬಾರದು. ಆಗ ಏನು ಕಾಣುತ್ತದೋ ಅದೇ ಜನರಿಗೆ ಮೊದಲು ಕಾಣುವುದು.

ಸೆಪ್ಟೆಂಬರ್ ಕೊನೆಗೆ ವೇಣೂರಿನ ಒಂದು ಮದುವೆಯ ಕೆಲಸ ಬಂತು. ಹುಡುಗಿ ಪ್ರಾಪ್ತಿ, ಅಪ್ಪ ಭೋಜಣ್ಣನಿಗೆ ಅಬುಧಾಬಿಯಲ್ಲಿ ಹೋಟೆಲು. ಹುಡುಗ ಮೂಡುಬಿದಿರೆಯ ತರುಣ್. ಜಯಪ್ರಕಾಶಣ್ಣ ಅದನ್ನು ಕಾಂತಿಗೇ ಕೊಟ್ಟರು. "ಇದು ನಿನ್ನದೇ. ಹೇಗೆ ಮಾಡ್ತಿ ನೋಡುವ." ಬೇಗ ಮಾಡುವ ಮೋಕ್ಷಿತಾಳನ್ನು ಬಿಟ್ಟು ತನಗೆ ಯಾಕೆ? ಮುಗ್ಗರಿಸಲಿ, ಮನೆಗೆ ಕಳಿಸಲು ಒಂದು ನೆಪವಾಗಲಿ ಎಂದೇ ಇರಬೇಕು ಎಂದುಕೊಂಡಳು ಕಾಂತಿ.

ಪ್ರಾಪ್ತಿ ಏನು ಬೇಕೆಂದು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು. "ಗಿಜಿಗಿಜಿ ಬೇಡ ಆಂಟಿ. ಬಿಳಿ ಪೇಜ್, ಕಪ್ಪು ಅಕ್ಷರ, ತುಂಬ ಖಾಲಿ ಜಾಗ. ನಡುವೆ ನನ್ನ ಒಂದು ಬ್ಲ್ಯಾಕ್ ಆಂಡ್ ವೈಟ್ ಫೋಟೋ, ಸುತ್ತ ತೆಳು ಗೆರೆ." ಕಲಿತ ಪಾಠವೂ ಅದನ್ನೇ ಹೇಳುತ್ತಿತ್ತು. ಎರಡು ದಿನದಲ್ಲಿ ಪುಟ ಮಾಡಿ ಕಳಿಸಿದಳು. ಪ್ರಾಪ್ತಿಗೆ ಬಹಳ ಇಷ್ಟವಾಯಿತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ರಾಹುಕಾಲಕ್ಕೆ ಮೊದಲು, ಮುನ್ನೂರು ಜನರಿಗೆ ಕಳಿಸುವುದೆಂದು ನಿಶ್ಚಯವಾಯಿತು.

ಬುಧವಾರ ಸಂಜೆ ಕಾಂತಿ ಸುಮ್ಮನೆ ಕಣ್ಣು ಅರ್ಧ ಮುಚ್ಚಿ ಪುಟ ನೋಡಿದಳು. ಬಿಳಿ ಹಾಳೆ, ಕಪ್ಪು ಅಕ್ಷರ, ಕಪ್ಪು ಗೆರೆಯ ಒಳಗೆ ಒಂದು ಮುಖ. ಇಪ್ಪತ್ತಾರು ವರ್ಷದಲ್ಲಿ ಇಂಥದ್ದನ್ನು ಅವಳು ಮಾಡಿದ್ದಿಲ್ಲ ಎಂದಲ್ಲ, ಬೇಕಾದಷ್ಟು ಮಾಡಿದ್ದಾಳೆ, ಎಲ್ಲವೂ ಬೊಜ್ಜದ ಕಾಗದ. ಸತ್ತವರ ಉತ್ತರಕ್ರಿಯೆಗೆ ಕರೆಯುವ ಆ ಕಾಗದಕ್ಕೆ ಬಣ್ಣ ಇಲ್ಲ, ಅರಸಿನ ಇಲ್ಲ. ಓದಿದ ಮೇಲೆ ಅದನ್ನು ಮನೆಯೊಳಗೆ ಇಡುವುದೂ ಇಲ್ಲ. ಮದುವೆ ಕಾಗದಕ್ಕಾದರೆ ನಾಲ್ಕು ಮೂಲೆಗೂ ಅರಸಿನ ಹಚ್ಚಿಯೇ ಹಂಚಲು ಹೊರಡುವುದು.

"ಮೋಕ್ಷಿತಾ, ಇದು ಹೇಗೆ ಕಾಣ್ತದೆ?"

ಹುಡುಗಿ ಒಂದು ಗಳಿಗೆ ನೋಡಿದಳು. "ಚಂದ ಉಂಟು ಅಕ್ಕ."

ಹೇಳಿದ್ದು ಸ್ವಲ್ಪ ಬೇಗವೇ ಆಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ, ನಗುವವರೆಲ್ಲ ನಮ್ಮವರಲ್ಲ ಎಂದು ಕಾಂತಿ ಹಲ್ಲು ಕಚ್ಚಿದಳು.

ಮರುದಿನ ಮಧ್ಯಾಹ್ನ ವೇಣೂರಿಗೆ ಹೋಗಲು ಅವಳು ರಜೆ ಕೇಳಿದ್ದಕ್ಕೆ ಜಯಪ್ರಕಾಶಣ್ಣನಿಗೆ ಸಿಟ್ಟು ಬಂತು. "ಮದುಮಗಳು ಸರಿ ಅಂದಾಯ್ತಲ್ಲ, ಇನ್ನೆಂತ ಸಂಶಯ ನಿನಗೆ? ವೇಣೂರಿಗೆ ಹೋಗಿ ಮುದುಕರಿಗೆ ತೋರಿಸ್ಲಿಕ್ಕೆ ಇದೇನು ಅಚ್ಚಿನ ಕಾಗದವಾ? ಅವರ ಮನಸ್ಸು ಕೆಡಿಸಿ ಬಂದ್ರೆ ಮತ್ತೆ ನೀನು ಈ ಕಡೆ ಬರುವುದು ಬೇಡ." ಕಾಂತಿ ಬ್ಯಾಗು ಎತ್ತಿಕೊಂಡಳು. ಬಿ.ಸಿ. ರೋಡಿನಲ್ಲಿ ಒಂದು ಬಸ್ಸು, ಗುರುವಾಯನಕೆರೆಯಲ್ಲಿ ಇಳಿದು ಇನ್ನೊಂದು. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆಯೇ ಸಂಶಯ. ಕಾಲ ಬದಲಾಗಿದೆ, ನಾನೇ ಹಳೆಯವಳಾಗಿ ಎಲ್ಲದರಲ್ಲೂ ಹೆಣ ಕಾಣುತ್ತಿದ್ದೇನೋ ಏನೋ!

ಪ್ರಾಪ್ತಿ ಜಗಲಿಯಲ್ಲೇ ಸಿಕ್ಕಿದಳು. ಅಜ್ಜಿಗೆ ಪುಟ ತೋರಿಸಲು ಬಂದದ್ದೆಂದು ಕೇಳಿ ಹುಬ್ಬು ಗಂಟಿಕ್ಕಿದಳು.

"ಅಜ್ಜಿಗೆ ಎಂತ ಗೊತ್ತಾಗ್ತದೆ ಆಂಟಿ? ಪೇಜ್ ನನ್ನದಲ್ಲವಾ?"

"ನಿನ್ನದೇ ಮಗಾ. ಆದ್ರೆ ಮನೆಯ ಹಿರಿಯರು ನೋಡದೆ ನಾನು ಒಂದನ್ನೂ ಬಿಟ್ಟವಳಲ್ಲ. ಎರಡು ನಿಮಿಷ."

ಪ್ರಾಪ್ತಿಯ ಅಜ್ಜಿ ಸೇಸಮ್ಮನಿಗೆ ಎಂಬತ್ತನಾಲ್ಕು. ಜಗಲಿಯ ತುದಿಯಲ್ಲಿ ಕಾಲು ನೀಡಿ ವೀಳ್ಯ ಕುಟ್ಟುತ್ತಿದ್ದರು. ಕಾಂತಿ ಏನೂ ಹೇಳದೆ ಫೋನನ್ನು ಅವರ ಕೈಗೆ ಕೊಟ್ಟಳು. ಅಜ್ಜಿ ದೂರ ಹಿಡಿದು ನೋಡಿದರು. ಕುಟ್ಟುವ ಕೈ ನಿಂತಿತು.

"ಏರ್ ಪೋಯಿನಿ?" ಎಂದು ತುಳುವಿನಲ್ಲಿ ಕೇಳಿದರು. ಯಾರು ಹೋದದ್ದು?

ಅಜ್ಜಿ ಫೋನನ್ನು ಹತ್ತಿರ ತಂದರು. ಗೆರೆಯ ಒಳಗಿನ ಮುಖದ ಗುರುತು ಸಿಕ್ಕಿದ್ದೇ ತಡ, "ಅಯ್ಯೋ ದೇವರೇ" ಎಂದು ಎದೆ ಹಿಡಿದುಕೊಂಡರು. ಫೋನು ಮಡಿಲಿಗೆ ಬಿತ್ತು. ಎದುರು ನಿಂತಿದ್ದ ಪ್ರಾಪ್ತಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, "ಇವಳು ಇಲ್ಲೇ ಇದ್ದಾಳಲ್ಲ! ಇಲ್ಲೇ ಇದ್ದಾಳಲ್ಲ!" ಎಂದು ಕಾಂತಿಯನ್ನು ಕೇಳಿದರು. ಆಮೇಲೆ ಫೋನನ್ನು ಬೆರಳ ತುದಿಯಲ್ಲಿ ದೂಡಿ, "ಅದನ್ನು ಮನೆಯ ಒಳಗೆ ತರಬೇಡಿ" ಅಂದರು.

ಪ್ರಾಪ್ತಿ ಅಜ್ಜಿಯ ಪಕ್ಕದಲ್ಲಿ ಕುಸಿದು ಕೂತಳು. ನಾಳೆ ಹತ್ತು ಗಂಟೆಗೆ ಮುನ್ನೂರು ಮನೆ, ಅದರಲ್ಲಿ ಎಷ್ಟು ಅಜ್ಜಿಯರೋ! ಕಣ್ಣೀರು ತುಂಬಿಕೊಂಡು, "ಆಂಟಿ, ನನಗೆ ಬಿಳಿಯೇ ಬೇಕು. ಆದ್ರೆ ಹೀಗೆ ಬೇಡ" ಅಂದಳು.

ಕಾಂತಿ ಪ್ರೂಫ್ ಪುಸ್ತಕ ತೆಗೆದು ಮೋಕ್ಷಿತಾಳಿಗೆ ಫೋನ್ ಮಾಡಿದಳು. ಫೋನಿನಲ್ಲೇ ಪುಟ ತಿದ್ದಲು ಅವಳಿಗೆ ಬಾರದು, ಬೇರೆ ದಾರಿ ಇರಲಿಲ್ಲ. ಪಾಸ್‌ವರ್ಡನ್ನೂ ಹೇಳಬೇಕಾಯಿತು. ಹೇಳುವಾಗ ನಾಲಗೆ ತಡವರಿಸಿತು.

"ಫೋಟೋದ ಗೆರೆ ತೆಗಿ. ಫೋಟೋ ಬಣ್ಣದ್ದು ಹಾಕು. ಬಿಳಿ ಹಾಗೆಯೇ ಇರಲಿ. ಪುಟದ ನಾಲ್ಕು ಮೂಲೆಗೆ ಅರಸಿನ ಹಚ್ಚು, ಬೆರಳಲ್ಲಿ ಒತ್ತಿದಷ್ಟು, ಹೆಚ್ಚು ಬೇಡ. ಬಣ್ಣ ಬರೆದುಕೋ. ಇ, ಒಂದು, ಎ, ಎರಡು, ಸೊನ್ನೆ, ಎಂಟು. ನಮ್ಮ ಮನೆಯ ಅರಸಿನದ್ದೇ."

ಆ ಹತ್ತು ನಿಮಿಷ ಕಾಂತಿಗೆ ಹತ್ತು ವರ್ಷ. ಹುಡುಗಿ ಮಾಡುತ್ತಾಳೋ, ಇದೇ ಸಮಯವೆಂದು ಇಡೀ ಪುಟವನ್ನೇ ಅಳಿಸಿಬಿಡುತ್ತಾಳೋ? ಅಳಿಸಿದರೆ ಕೇಳುವವರಾರು? ಪುಟ ಮತ್ತೆ ತೆರೆದಾಗ ನಾಲ್ಕು ಮೂಲೆಯಲ್ಲೂ ಅರಸಿನ ಇತ್ತು, ನಡುವೆ ಪ್ರಾಪ್ತಿ ಕೆಂಪು ಸೀರೆಯಲ್ಲಿ ನಗುತ್ತಿದ್ದಳು.

ಸೇಸಮ್ಮ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ನೋಡಿದರು. "ಕೈಗೆ ಹತ್ತುವುದಿಲ್ಲವಲ್ಲ?"

"ಹತ್ತುವುದಿಲ್ಲ ಅಮ್ಮ."

ಅಜ್ಜಿ ಇನ್ನೊಮ್ಮೆ ಉಜ್ಜಿ ನೋಡಿದರು. ನಂಬಿಕೆ ಬಂದಂತೆ ಕಾಣಲಿಲ್ಲ. "ಆಯ್ತು, ಒಳಗೆ ಬಾ. ಚಾ ಕುಡಿ" ಅಂದರು.

ಮರುದಿನ ಹತ್ತಕ್ಕೆ ಪುಟ ಹೋಯಿತು. ಹನ್ನೊಂದೂವರೆಗೆ ಮೂಡುಬಿದಿರೆಯಿಂದ ತರುಣ್‌ನ ಮನೆಯವರೇ ಫೋನ್ ಮಾಡಿ, ಆ ಅರಸಿನದ ಪೇಜ್ ಮಾಡಿದವರು ಯಾರು ಎಂದು ಜಯಪ್ರಕಾಶಣ್ಣನನ್ನು ಕೇಳಿದರು. ಇನ್ನೂ ಎರಡು ಕೆಲಸ ಬಂತು. ಜಯಪ್ರಕಾಶಣ್ಣ ಕಾಂತಿಯ ಮೇಜಿನ ಹತ್ತಿರ ಬಂದು ಕೆಮ್ಮಿ, "ಇಬ್ಬರೂ ಇರಿ. ಮುಂದೆ ನೋಡುವ" ಅಂದರು. ಆ 'ನೋಡುವ' ಕಾಂತಿಗೆ ಅಷ್ಟು ಸರಿ ಕಾಣಲಿಲ್ಲ. ಆದರೂ ದೀಪಾವಳಿಯ ಹೆದರಿಕೆ ಒಮ್ಮೆಗೆ ತಪ್ಪಿತು.

ಯಜಮಾನರು ಆಚೆ ಹೋದ ಮೇಲೆ ಮೋಕ್ಷಿತಾ ಮೆಲ್ಲಗೆ ಹೇಳಿದಳು. "ಅಕ್ಕ, ನನಗೂ ಬುಧವಾರವೇ ಅದು ಬೊಜ್ಜದ ಕಾಗದದ ಹಾಗೆ ಕಂಡಿತ್ತು."

ಕಾಂತಿ ಥಟ್ಟನೆ ತಿರುಗಿದಳು. "ಮತ್ತೆ ಚಂದ ಉಂಟು ಅಂದಿ ಯಾಕೆ?"

"ಹೇಳಿದ್ರೆ ನೀವು ನಂಬ್ತಿದ್ರಾ? ನಿಮ್ಮ ಕೆಲಸ ಕೆಡಿಸ್ಲಿಕ್ಕೆ ಹೇಳ್ತಾ ಇದ್ದಾಳೆ ಅಂತ ಗ್ರಹಿಸ್ತಿದ್ರಿ."

ಹುಡುಗಿ ಹೇಳಿದ್ದು ಸುಳ್ಳಾಗಿದ್ದರೆ ಬಯ್ಯಬಹುದಿತ್ತು. ಅದು ಅಕ್ಷರಶಃ ನಿಜ. ಎರಡು ಬಸ್ಸು ಹತ್ತಿ ವೇಣೂರಿಗೆ ಹೋಗಿ ಕೇಳಿಕೊಂಡು ಬಂದ ಮಾತು ಪಕ್ಕದ ಕುರ್ಚಿಯಲ್ಲೇ ಇತ್ತು, ಅದನ್ನು ಹೇಳದ ಹಾಗೆ ಮಾಡಿದ್ದು ತಾನೇ. ನಾಚಿಕೆಯಾಯಿತು ಅವಳಿಗೆ, ತುಂಬ ನಾಚಿಕೆಯಾಯಿತು.

ಮಧ್ಯಾಹ್ನ ಊಟದ ಮೇಲೆ ಕಾಂತಿ ತಾನು ಮಾಡುತ್ತಿದ್ದ ಹೊಸ ಪುಟವೊಂದನ್ನು ಪರದೆಯ ಮೇಲೆ ತೆರೆದು, ಮೋಕ್ಷಿತಾಳ ಕುರ್ಚಿಯನ್ನು ತನ್ನ ಹತ್ತಿರ ಎಳೆದಳು.

"ಚಂದ ಉಂಟು ಅಂತ ಹೇಳುವುದು ಬೇಡ. ಎಂತೆಲ್ಲ ತಪ್ಪುಂಟು ಹೇಳು."

ಹುಡುಗಿ ಹೆದರಿ ಹೆದರಿ ಒಂದು ಹೇಳಿದಳು. ಅಕ್ಷರ ಸಣ್ಣ ಆಯಿತು. ಕಾಂತಿ ಬರೆದುಕೊಂಡಳು. ಹಸಿರಿನ ಮೇಲೆ ಕೆಂಪು ಓದಲು ಕಷ್ಟ. ಅದನ್ನೂ ಬರೆದುಕೊಂಡಳು. ಐದು, ಆರು, ಏಳು. ಕಾಂತಿಯ ಕಿವಿ ಬಿಸಿಯಾಗಿತ್ತು, ಆದರೂ ಪೆನ್ನು ನಿಲ್ಲಲಿಲ್ಲ.

"ಅಷ್ಟೇ ಅಕ್ಕ."

ಕಾಂತಿ ಕನ್ನಡಕದ ಮೇಲಿಂದ ನೋಡಿದಳು. "ಇನ್ನೊಂದು ಉಂಟು. ನೀನು ಹೇಳ್ತಾ ಇಲ್ಲ."

ಮೋಕ್ಷಿತಾ ಕೀಲಿಮಣೆಯ ಕಡೆ ನೋಡಿದಳು. "ಪಾಸ್‌ವರ್ಡ್ ಒತ್ತುವಾಗ ನನಗೆ ಕಾಣದ ಹಾಗೆ ಕೈ ಅಡ್ಡ ಹಿಡೀತೀರಲ್ಲ. ಅದು."

ಕಾಂತಿ ಅದನ್ನೂ ಎಂಟನೆಯದು ಎಂದು ಪುಸ್ತಕದಲ್ಲಿ ಬರೆದಳು. ಫೋನಿನಲ್ಲಿ ಹೇಳಿದ್ದ ಪಾಸ್‌ವರ್ಡನ್ನು ಅವಳು ಆ ದಿನ ಬೆಳಿಗ್ಗೆಯೇ ಬದಲಿಸಿಯಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಪುಟ ಉಳಿಸಲು ಈಗ ಹೊಸದನ್ನು ಒತ್ತಬೇಕಿತ್ತು. ಎಡಗೈ ತನ್ನಷ್ಟಕ್ಕೆ ಮೇಲೆ ಬಂತು. ಕಾಂತಿ ಅದನ್ನು ಮಡಿಲಿಗೆ ಇಳಿಸಿ, ಒಂದೊಂದೇ ಅಕ್ಷರವನ್ನು ಹುಡುಗಿಗೆ ಕಾಣುವ ಹಾಗೆ ನಿಧಾನವಾಗಿ ಒತ್ತಿದಳು.